ನಗಿಸುವವರ ಹೊಣೆ

ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗೂ ನಗೆಗೂ ಇರುವ ನಂಟು ಹಳೆಯದು. ಗಿರಿನಗರ, ಹನುಮಂತನಗರ, ಬನಶಂಕರಿ, ಜಯನಗರ ಮೊದಲಾದ ಕಡೆಗಳಲ್ಲಿ ಗಣೇಶನ ಹಬ್ಬದ ಚಪ್ಪರವಿರಲಿ, ರಾಜ್ಯೋತ್ಸವದ ವೇದಿಕೆಯಿರಲಿ, ಸಂಗೀತಕ್ಕೆ ಒಂದು ಸಂಜೆ ಮೀಸಲಾದರೆ ಹಾಸ್ಯಕ್ಕೂ ಒಂದು ಸಂಜೆ ಮೀಸಲಾಗುತ್ತದೆ. ದಿನವಿಡೀ ದುಡಿದು ದಣಿದವರು ಮಕ್ಕಳುಮರಿಗಳೊಡನೆ ಬಂದು ಕುಳಿತು, ಮನಸಾರೆ ನಕ್ಕು, ಹಗುರವಾಗಿ ಮನೆಗೆ ಮರಳುತ್ತಾರೆ. ೧೯೪೨ರಲ್ಲಿ ವೈದ್ಯರಾದ ಡಾ. ಎಂ. ಶಿವರಾಂ ಅವರು ಬೆಂಗಳೂರಿನಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ‘ರಾಶಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಅವರ ಆ ಪತ್ರಿಕೆ ಇಪ್ಪತ್ತೈದು ವರ್ಷಗಳ ಕಾಲ ಕನ್ನಡಿಗರನ್ನು ನಗಿಸಿತು. ರೋಗಿಗೆ ಔಷಧ ಕೊಡುವ ಕೈಯೇ ನಗೆಯನ್ನೂ ಕೊಟ್ಟಿತೆಂಬುದು ಅರ್ಥಪೂರ್ಣವಾದ ಸಂಗತಿ. ನಗೆಯೂ ಒಂದು ಔಷಧವೇ ಸರಿ.

ಆದರೆ ಔಷಧಕ್ಕೆ ಒಂದು ಗುಣವುಂಟು. ಅಳತೆ ತಪ್ಪಿದರೆ, ಕೊಡುವವನು ರೋಗಿಯ ಸ್ಥಿತಿಯನ್ನು ಅರಿಯದೆ ಕೊಟ್ಟರೆ, ಅದೇ ವಿಷವಾಗುತ್ತದೆ. ನೂರು ಮಂದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿರುವ ಸಭೆಯಲ್ಲಿ ಒಬ್ಬನು ಮಾತ್ರ ತಲೆ ತಗ್ಗಿಸಿ ಕುಳಿತಿರಬಹುದು. ವೇದಿಕೆಯ ಮೇಲಿರುವವನು ಆಡಿದ ಮಾತು ಆತನ ಮೈಬಣ್ಣವನ್ನೋ, ಕುಂಟುವ ಕಾಲನ್ನೋ, ಹುಟ್ಟಿದ ಕೇರಿಯನ್ನೋ, ಆಡುವ ಭಾಷೆಯನ್ನೋ ಕುರಿತದ್ದಾಗಿರಬಹುದು. ಉಳಿದವರೆಲ್ಲ ನಗುವಾಗ ಆತನೂ ನಗಬೇಕು. ನಗದಿದ್ದರೆ ‘ಹಾಸ್ಯಪ್ರಜ್ಞೆ ಇಲ್ಲದವನು’ ಎಂಬ ಮತ್ತೊಂದು ಅಪಹಾಸ್ಯಕ್ಕೆ ಗುರಿಯಾಗಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಂತಹ ಸಭೆಗೆ ಹೇಳಿ ಮಾಡಿಸಿದಂತಿದೆ. ನಗೆಗೆ ಜೋಡಿಸುವ ಶಕ್ತಿಯಿರುವಂತೆಯೇ ಬೇರ್ಪಡಿಸುವ ಶಕ್ತಿಯೂ ಇದೆ. ಒಬ್ಬರೊಡನೆ ನಗುವುದು ಬೇರೆ, ಒಬ್ಬರನ್ನು ಕಂಡು ನಗುವುದು ಬೇರೆ. ಇವೆರಡರ ನಡುವಣ ಅಂತರವನ್ನು ಅರಿಯುವುದೇ ನಗಿಸುವವರ ಮೊದಲ ಹೊಣೆ.

ಈ ಮಾತು ಬರಿಯ ತತ್ತ್ವವಿಚಾರವಲ್ಲ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ನಡೆದ ಒಂದು ಘಟನೆ ಸಾಕ್ಷಿಯಾಗಿದೆ. ೨೦೨೩ರ ಫೆಬ್ರವರಿಯಲ್ಲಿ ನಿಮ್ಹಾನ್ಸ್ ಸಮಾವೇಶ ಭವನದಲ್ಲಿ ಜೈನ್ ಪರಿಗಣಿತ ವಿಶ್ವವಿದ್ಯಾಲಯದ ನಿರ್ವಹಣಶಾಸ್ತ್ರ ವಿಭಾಗದವರ ಯುವಜನೋತ್ಸವ ನಡೆಯಿತು. ಜಾಹೀರಾತುಗಳನ್ನು ಅಣಕಿಸಿ ಸಭಿಕರನ್ನು ನಗಿಸುವುದು ಅಲ್ಲಿಯ ಸ್ಪರ್ಧೆಗಳಲ್ಲಿ ಒಂದು. ವಿದ್ಯಾರ್ಥಿಗಳ ಒಂದು ತಂಡ ಅದಕ್ಕಾಗಿ ಕಿರುಪ್ರಹಸನವೊಂದನ್ನು ಆಡಿತು. ಅದರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರಿನ ಮೊದಲಕ್ಷರಗಳನ್ನು ತಿರುಚಿ ಮದ್ಯವೊಂದರ ಹೆಸರನ್ನಾಗಿ ಮಾಡಲಾಯಿತು. ‘ದಲಿತ’ ಎಂಬ ಪದವನ್ನು ಇಂಗ್ಲಿಷಿನ ಶ್ಲೇಷೆಗೆ ಸಿಕ್ಕಿಸಲಾಯಿತು. ಮುಟ್ಟುವುದು, ಮುಟ್ಟಬಾರದು ಎಂಬ ಮಾತೂ ನಗೆಗೆ ಸಾಮಗ್ರಿಯಾಯಿತು.

ಪ್ರಹಸನದ ಚಿತ್ರಿಕೆ ಕೆಲವೇ ದಿನಗಳಲ್ಲಿ ಕೈಯಿಂದ ಕೈಗೆ ಹರಡಿತು. ಎಲ್ಲೆಡೆಯಿಂದ ಪ್ರತಿಭಟನೆ ಎದ್ದಿತು. ಸಂಸ್ಥೆ ಆ ವಿದ್ಯಾರ್ಥಿಗಳನ್ನು ಅಮಾನತಿನಲ್ಲಿರಿಸಿತು. ಸಮಾಜಕಲ್ಯಾಣ ಇಲಾಖೆಯ ಅಧಿಕಾರಿಯೊಬ್ಬರು ದೂರು ಸಲ್ಲಿಸಿದರು. ವಿದ್ಯಾರ್ಥಿಗಳೂ ಅವರ ಪ್ರಾಂಶುಪಾಲರೂ ಬಂಧನಕ್ಕೆ ಒಳಗಾದರು. ಮುಂದೆ ೨೦೨೫ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಿತು. ವಿಡಂಬನೆಯೂ ಅಭಿವ್ಯಕ್ತಿಯ ಒಂದು ರೂಪವೇ ಆಗಿದ್ದು, ಅದಕ್ಕೆ ಸಂವಿಧಾನದ ೧೯ನೆಯ ವಿಧಿಯ ರಕ್ಷಣೆಯಿದೆ ಎಂಬುದನ್ನು ನ್ಯಾಯಾಲಯ ಮನ್ನಿಸಿತು.

ಈ ಘಟನೆಯನ್ನು ಕುರಿತು ಎರಡು ಬಗೆಯ ತೀರ್ಮಾನಗಳು ಸುಲಭವಾಗಿ ನಾಲಗೆಗೆ ಬರುತ್ತವೆ. ‘ಇಂತಹವರನ್ನು ಸೆರೆಯಲ್ಲಿಯೇ ಇಡಬೇಕಾಗಿತ್ತು’ ಎಂಬುದು ಒಂದು. ‘ನ್ಯಾಯಾಲಯವೇ ಬಿಟ್ಟ ಮೇಲೆ ತಪ್ಪೇನೂ ಇರಲಿಲ್ಲವೆಂದಾಯಿತು’ ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳು. ಹದಿಹರೆಯದ ಅವಿವೇಕಕ್ಕೆ ಸೆರೆಮನೆ ತಕ್ಕ ಪಾಠಶಾಲೆಯಲ್ಲ. ನಗಿಸಹೊರಟವರ ಬೆನ್ನ ಹಿಂದೆ ಸದಾ ಪೊಲೀಸರು ನಿಂತಿರುವ ನಾಡಿನಲ್ಲಿ ಮೊದಲು ಸಾಯುವುದು ಒಳ್ಳೆಯ ಹಾಸ್ಯವೇ. ಆದರೆ ಕಾನೂನು ಹೇಳುವುದು ‘ಇದಕ್ಕೆ ಶಿಕ್ಷೆಯಿಲ್ಲ’ ಎಂದಷ್ಟೇ. ‘ಇದು ಒಳ್ಳೆಯದು’ ಎಂದಲ್ಲ. ನೆರೆಮನೆಯ ಮುದುಕಿಯನ್ನು ಮಾತನಾಡಿಸದೆ ಹೋದವನಿಗೆ ಯಾವ ಕಾನೂನೂ ದಂಡ ವಿಧಿಸುವುದಿಲ್ಲ. ಹಾಗೆಂದಮಾತ್ರಕ್ಕೆ ಆತನ ನಡತೆ ಮೆಚ್ಚತಕ್ಕದ್ದಾಗುವುದೇ? ಕಾನೂನಿನ ಗೆರೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮನುಷ್ಯನ ಹೊಣೆ ಆರಂಭವಾಗುತ್ತದೆ.

ಆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ದ್ವೇಷ ಇರಲಿಲ್ಲವೆಂದೇ ಒಪ್ಪಿಕೊಳ್ಳೋಣ. ಆಗ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ದ್ವೇಷವಿಲ್ಲದವರ ಬಾಯಿಂದಲೂ ಅಂತಹ ಮಾತು ಹೇಗೆ ಬಂದಿತು? ತಿಳಿವಳಿಕೆಯ ಅಭಾವದಿಂದ ಬಂದಿತು ಎನ್ನದೆ ಬೇರೆ ಉತ್ತರವಿಲ್ಲ. ಮುಟ್ಟುವ, ಮುಟ್ಟಬಾರದ ಮಾತು ಕೆಲವರ ಪಾಲಿಗೆ ಬರಿಯ ಮಾತಿನ ಆಟ. ಮತ್ತೆ ಕೆಲವರ ಪಾಲಿಗೆ ಅದು ಅಜ್ಜ ಅಜ್ಜಿಯರ ಬಾಳು. ೧೯೨೭ರಲ್ಲಿ ಮಹಾರಾಷ್ಟ್ರದ ಮಹಾಡ್ ಎಂಬ ಊರಿನಲ್ಲಿ ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಚವದಾರ್ ಕೆರೆಗೆ ನಡೆದುಹೋಗಿ ಬೊಗಸೆ ನೀರನ್ನು ಕುಡಿದರು. ದನಕರುಗಳಿಗೆ ನಿಷೇಧವಿಲ್ಲದ ನೀರು ಮನುಷ್ಯರಿಗೆ ನಿಷಿದ್ಧವಾಗಿದ್ದ ಕಾಲವದು. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳಿಗೆ ಸೇರಿದವರ ಸಂಖ್ಯೆ ಒಂದು ಕೋಟಿಗೂ ಹೆಚ್ಚು. ಈ ನಾಡಿನ ಯಾವ ಸಭೆಯಲ್ಲಿಯೂ, ಯಾವ ತರಗತಿಯಲ್ಲಿಯೂ, ಆ ನೆನಪನ್ನು ಮನೆಯಿಂದಲೇ ಹೊತ್ತು ತಂದವರು ಇದ್ದೇ ಇರುತ್ತಾರೆ. ಅವರು ಕಾಣುವುದಿಲ್ಲವೆಂದರೆ ಅವರು ಇಲ್ಲವೆಂದು ಅರ್ಥವಲ್ಲ. ನೋಡುವ ಕಣ್ಣು ಇಲ್ಲವೆಂದು ಅರ್ಥ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ಯುವಕರನ್ನು ಕಾಪಾಡಿದ ೧೯ನೆಯ ವಿಧಿ ಯಾವ ಸಂವಿಧಾನದಲ್ಲಿದೆಯೋ, ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು ಅಂಬೇಡ್ಕರ್ ಅವರೇ. ಯಾರ ಹೆಸರನ್ನು ನಗೆಪಾಟಲು ಮಾಡಲಾಯಿತೋ ಅವರ ಶ್ರಮದ ನೆರಳಿನಲ್ಲಿಯೇ ನಗೆಯಾಡಿದವರಿಗೆ ಆಶ್ರಯ ದೊರೆಯಿತು. ಅದೇ ಸಂವಿಧಾನದಲ್ಲಿ ೧೯ನೆಯ ವಿಧಿಗಿಂತ ಎರಡು ವಿಧಿಗಳ ಹಿಂದೆ ೧೭ನೆಯ ವಿಧಿಯಿದೆ. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ವಿಧಿ ಅದು. ಮಾತಿನ ಸ್ವಾತಂತ್ರ್ಯವೂ ಮನುಷ್ಯನ ಘನತೆಯೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿವೆ. ಒಂದನ್ನು ಓದಿ ಇನ್ನೊಂದನ್ನು ಮರೆತವನ ಓದು ಪೂರ್ಣವಾದ ಓದಲ್ಲ.

‘ಹೀಗೆ ಒಬ್ಬೊಬ್ಬರ ನೋವನ್ನೂ ಎಣಿಸುತ್ತ ಕುಳಿತರೆ ನಗುವುದಕ್ಕೆ ಏನು ಉಳಿಯುತ್ತದೆ? ಯಾರಿಗೂ ನೋವಾಗದ ಹಾಸ್ಯವೆಂಬುದು ಉಂಟೇ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಾಸ್ಯದ ಚರಿತ್ರೆಯೇ ಚುಚ್ಚುವಿಕೆಯ ಚರಿತ್ರೆ. ದೊಡ್ಡವರ ಠೀವಿಯನ್ನು ಬಯಲು ಮಾಡುವುದು, ದೊರೆಯ ಮುಂದೆ ಬೇರೆಯವರು ಹೇಳಲಾಗದ ಸತ್ಯವನ್ನು ನಗುತ್ತ ಹೇಳುವುದು ವಿದೂಷಕನ ಸ್ವಧರ್ಮ. ಯಕ್ಷಗಾನದ ಹಾಸ್ಯಗಾರನು ದೇವೇಂದ್ರನ ಒಡ್ಡೋಲಗದಲ್ಲಿಯೂ ಒಂದು ಕೊಂಕು ನುಡಿಯಬಲ್ಲನು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕವನ್ನು ನಾಡಿನ ಉದ್ದಗಲಕ್ಕೂ ಸಾವಿರಾರು ಸಲ ಆಡಿದರು. ಅವರ ನಾಲಗೆಯ ಏಟು ತಿಂದ ಲಂಚಕೋರರಿಗೆ ನೋವಾಗಿರಲಿಲ್ಲವೆ? ಆಗಿದ್ದಿರಬೇಕು, ಆಗಬೇಕಾದದ್ದೇ ನ್ಯಾಯ.

ಹಾಗಾದರೆ ಲಂಚಕೋರನ ನೋವಿಗೂ ಕುಂಟನ ನೋವಿಗೂ ವ್ಯತ್ಯಾಸವೇನು? ಲಂಚಕೋರನು ನಾಳೆಯಿಂದ ಲಂಚ ಮುಟ್ಟದಿದ್ದರೆ ನಾಟಕದ ಏಟು ಅವನಿಗೆ ತಾಗುವುದಿಲ್ಲ. ಕಾಲು ಇಲ್ಲದವನು ನಾಳೆಯಿಂದ ಕಾಲು ಪಡೆಯಲಾರನು. ಕಪ್ಪು ಮೈಬಣ್ಣದ ಹುಡುಗಿ ಬಣ್ಣವನ್ನು ಕಳಚಿಡಲಾರಳು. ತೊದಲುವವನಿಗೆ ತೊದಲಬೇಡವೆಂದು ಹೇಳಿ ಫಲವಿಲ್ಲ. ಮನುಷ್ಯನು ತಾನೇ ಆರಿಸಿಕೊಂಡ ದೋಷವನ್ನು ಕುರಿತ ನಗೆ ತಿದ್ದುವ ನಗೆ. ಆತನು ಆರಿಸಿಕೊಳ್ಳದ ಸ್ಥಿತಿಯನ್ನು ಕುರಿತ ನಗೆ ತುಳಿಯುವ ನಗೆ. ಮತ್ತೊಂದು ವ್ಯತ್ಯಾಸವೂ ಉಂಟು. ಅಧಿಕಾರದಲ್ಲಿರುವವನು ನಗೆಗೀಡಾದರೆ ಕಳೆದುಕೊಳ್ಳುವುದು ಒಂದಿಷ್ಟು ಜಂಬವನ್ನು. ಸಮಾಜದ ಅಂಚಿನಲ್ಲಿರುವವನು ನಗೆಗೀಡಾದರೆ ಆತನಿಗೆ ಬಾಡಿಗೆಮನೆ ಸಿಗುವುದು, ಕೆಲಸ ಸಿಗುವುದು, ಬಸ್ಸಿನಲ್ಲಿ ಪಕ್ಕದ ಆಸನದಲ್ಲಿ ಒಬ್ಬರು ಕುಳಿತುಕೊಳ್ಳುವುದು ಕೂಡ ಕಷ್ಟವಾದೀತು. ‘ನನಗೂ ನೋವಾಯಿತು’ ಎಂದು ಬಲಿಷ್ಠನು ಕೂಗುವಾಗ ಈ ಭೇದವನ್ನು ನೆನೆಯಬೇಕು. ಇಲ್ಲವಾದರೆ ದುರ್ಬಲರ ಹೆಸರಿನಲ್ಲಿ ಬಂದ ಎಚ್ಚರಿಕೆ ಬಲಿಷ್ಠರ ಗುರಾಣಿಯಾಗಿಬಿಡುತ್ತದೆ.

ಹಿಂದಿನವರು ಈ ವಿಷಯದಲ್ಲಿ ಎಲ್ಲ ರೀತಿಯಿಂದಲೂ ಆದರ್ಶಪ್ರಾಯರಾಗಿದ್ದರೆಂದು ಹೇಳುವಂತಿಲ್ಲ. ಭರತನ ನಾಟ್ಯಶಾಸ್ತ್ರವು ಹಾಸ್ಯರಸದ ಕಾರಣಗಳನ್ನು ಎಣಿಸುವಾಗ ವಿಕಾರವಾದ ವೇಷಭೂಷಣ, ಅಸಂಬದ್ಧವಾದ ಮಾತು ಮುಂತಾದವುಗಳ ಸಾಲಿನಲ್ಲಿ ಅಂಗವಿಕಲರನ್ನು ಕಾಣುವುದನ್ನೂ ಸೇರಿಸಿದೆ. ಅಲ್ಲಿಯ ವಿದೂಷಕನು ಕುಳ್ಳ, ಗೂನುಬೆನ್ನಿನವ, ಬೋಳುತಲೆಯವ, ಉಬ್ಬುಹಲ್ಲಿನವ. ಎರಡು ಸಾವಿರ ವರ್ಷಗಳ ಆ ರೂಢಿ ಇನ್ನೂ ಅಳಿದಿಲ್ಲ. ಇಂದಿನ ದೂರದರ್ಶನದ ಹಾಸ್ಯಕಾರ್ಯಕ್ರಮಗಳಲ್ಲಿ ದಪ್ಪನೆಯ ಹೆಂಡತಿ, ಕಪ್ಪನೆಯ ಗೆಳೆಯ, ತೊದಲುವ ಆಳು, ಸೀರೆಯುಟ್ಟ ಗಂಡಸು ಇವರೇ ಮತ್ತೆ ಮತ್ತೆ ಬರುವುದುಂಟು. ಕಲಬುರಗಿಯ ಅಥವಾ ಕುಂದಾಪುರದ ಕನ್ನಡವನ್ನು ಆಡಿದೊಡನೆಯೇ ಪಾತ್ರ ನಗೆಗೀಡಾಗುವುದೂ ಉಂಟು. ತಲೆಮಾರುಗಳಿಂದ ಬಂದ ಸೊಗಸಾದ ಮಾತು ರಾಜಧಾನಿಯವರ ಕಿವಿಗೆ ಹೊಸದೆಂಬುದೊಂದೇ ಅಲ್ಲಿಯ ‘ಹಾಸ್ಯ’. ಜೋಗತಿ ಕಲೆಯನ್ನು ಬಾಳಿಸಿದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದ ಮೇಲೂ, ಅವರಂತಹ ತೃತೀಯಲಿಂಗಿಗಳು ಎಷ್ಟೋ ಪ್ರಹಸನಗಳಲ್ಲಿ ಚಪ್ಪಾಳೆ ತಟ್ಟುವ ಬೊಂಬೆಗಳಾಗಿಯೇ ಉಳಿದಿದ್ದಾರೆ. ಹಳೆಯದೆಂಬ ಕಾರಣಕ್ಕೆ ಎಲ್ಲವೂ ಉಳಿಯತಕ್ಕದ್ದಲ್ಲ.

ಅಂಗವೈಕಲ್ಯವನ್ನು ಕುರಿತ ಹಾಸ್ಯ ದೇಶದ ಸರ್ವೋಚ್ಚ ನ್ಯಾಯಾಲಯದ ವಿಚಾರಣೆಗೂ ಬಂದಿದೆ. ೨೦೨೪ರ ಜುಲೈ ತಿಂಗಳಲ್ಲಿ ಹಿಂದಿ ಚಲನಚಿತ್ರವೊಂದರ ವಿಷಯವಾಗಿ ತೀರ್ಪಿತ್ತ ನ್ಯಾಯಾಲಯ ಎರಡು ಬಗೆಯ ಹಾಸ್ಯಗಳನ್ನು ಬೇರ್ಪಡಿಸಿ ತೋರಿಸಿತು. ವೈಕಲ್ಯವೆಂದರೇನೆಂಬುದನ್ನು ನಗುತ್ತಲೇ ಅರ್ಥಮಾಡಿಸುವ ಹಾಸ್ಯ ಒಂದು. ವೈಕಲ್ಯವುಳ್ಳವರನ್ನು ಕೀಳುಮಾಡಿ ಇನ್ನಷ್ಟು ಕುಗ್ಗಿಸುವ ಹಾಸ್ಯ ಇನ್ನೊಂದು. ಮೊದಲನೆಯದಕ್ಕೆ ಸ್ವಾಗತವಿರಬೇಕು, ಎರಡನೆಯದರ ವಿಷಯದಲ್ಲಿ ಎಚ್ಚರವಿರಬೇಕು. ೨೦೨೫ರ ಆಗಸ್ಟ್ ತಿಂಗಳಲ್ಲಿ ಅದೇ ನ್ಯಾಯಾಲಯ, ಯೂಟ್ಯೂಬಿನ ಮೂಲಕ ಹೆಸರಾದ ಕೆಲವು ಹಾಸ್ಯಗಾರರು ಅಂಗವಿಕಲರನ್ನು ಕುರಿತು ಆಡಿದ ಮಾತುಗಳಿಗಾಗಿ ತಮ್ಮ ಕಾರ್ಯಕ್ರಮಗಳಲ್ಲಿಯೇ ಕ್ಷಮೆ ಯಾಚಿಸಬೇಕೆಂದು ಹೇಳಿತು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ, ಮಕ್ಕಳ ಸ್ನಾಯುಗಳನ್ನು ಸೊರಗಿಸುವ ರೋಗವೊಂದಿದೆ. ಅದಕ್ಕೆ ನೀಡುವ ಒಂದೇ ಚುಚ್ಚುಮದ್ದಿಗೆ ಸುಮಾರು ೧೬ ಕೋಟಿ ರೂಪಾಯಿಗಳ ಬೆಲೆಯುಂಟು. ಮಗುವನ್ನು ಉಳಿಸಿಕೊಳ್ಳುವುದಕ್ಕಾಗಿ ತಂದೆತಾಯಿಗಳು ಊರೂರಿನವರ ಮುಂದೆ ಕೈಚಾಚುವಂತೆ ಮಾಡುವ ಆ ಬೆಲೆಯೇ ಒಂದು ಕಾರ್ಯಕ್ರಮದಲ್ಲಿ ನಗೆಗೆ ವಸ್ತುವಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಯಾಲಯವು, ಅಂತಹ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವ ಕಾರ್ಯಕ್ರಮಗಳನ್ನು ಆ ಹಾಸ್ಯಗಾರರು ನಡೆಸಿಕೊಡಬೇಕೆಂದು ತಿಳಿಸಿತು. ಜನರನ್ನು ಸೆಳೆಯುವ ಯಾವ ಶಕ್ತಿ ಗಾಯ ಮಾಡಿತೋ ಅದೇ ಶಕ್ತಿ ಗಾಯಕ್ಕೆ ಮುಲಾಮು ಹಚ್ಚಲಿ ಎಂಬ ವಿವೇಕ ಇಲ್ಲಿದೆ.

೨೦೧೧ರ ಜನಗಣತಿಯಂತೆ ಕರ್ನಾಟಕವೊಂದರಲ್ಲಿಯೇ ೧೩ ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅವರೆಲ್ಲ ಕೇವಲ ಮರುಕಕ್ಕೆ ಪಾತ್ರರಾದವರೆಂದು ಎಣಿಸುವುದೂ ಒಂದು ಬಗೆಯ ಅವಮಾನವೇ. ಅವರಲ್ಲಿಯೂ ನಗುವವರಿದ್ದಾರೆ, ನಗಿಸುವವರಿದ್ದಾರೆ. ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ಖಳನಾಗಿ, ಹಾಸ್ಯಗಾರನಾಗಿ, ಪೋಷಕನಟನಾಗಿ ನೂರಾರು ಚಿತ್ರಗಳಲ್ಲಿ ನಟಿಸಿದ ಟಿ. ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನ ನಟರ ತುಟಿಯ ಚಲನೆಯನ್ನು ಗಮನಿಸಿ ಅವರು ತಮ್ಮ ಮಾತನ್ನು ತಕ್ಕ ಕ್ಷಣದಲ್ಲಿ ಆಡುತ್ತಿದ್ದರು. ಕಿವಿಯುಳ್ಳವರೂ ತಪ್ಪುವ ತಾಳ ಅವರಿಗೆ ತಪ್ಪುತ್ತಿರಲಿಲ್ಲ. ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೊವನ್ನು ಕಟ್ಟಿದವರೂ ಅವರೇ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದವರು. ಅವರು ನಾಟಕಗಳನ್ನು ಬರೆದರು. ನಾಟಕ ಕಂಪನಿಯನ್ನು ಊರೂರಿಗೆ ನಡೆಸಿದರು. ಅದರ ಆಸರೆಯಿಂದ ಅಂಧರಿಗೂ ಅನಾಥರಿಗೂ ಅನ್ನ ಮತ್ತು ಸಂಗೀತವಿದ್ಯೆಗಳನ್ನು ನೀಡಿದರು. ಇಂತಹವರ ಬಾಳನ್ನು ಬಲ್ಲವನಿಗೆ ‘ಕುರುಡ’, ‘ಕಿವುಡ’ ಎಂಬ ಪದಗಳನ್ನು ಎಸೆದು ಚಪ್ಪಾಳೆ ಗಿಟ್ಟಿಸುವುದು ಬಹಳ ಅಗ್ಗದ ವ್ಯಾಪಾರವಾಗಿ ತೋರುತ್ತದೆ.

ಇದಕ್ಕೆ ಎದುರಾಗಿ ಕನ್ನಡದಲ್ಲಿಯೇ ಬೆಳೆದ ಇನ್ನೊಂದು ಪರಂಪರೆಯಿದೆ. ಅದು ನಗೆಯ ಬಾಣವನ್ನು ಮೊದಲು ತನ್ನ ಕಡೆಗೇ ತಿರುಗಿಸಿಕೊಂಡ ಪರಂಪರೆ. ಟಿ. ಪಿ. ಕೈಲಾಸಂ ಅವರು ವಿದ್ಯಾವಂತ ಮನೆತನದಲ್ಲಿ ಹುಟ್ಟಿ ವಿಲಾಯಿತಿಯಲ್ಲಿ ಓದಿ ಬಂದವರು. ಅವರು ತಮ್ಮ ನಾಟಕಗಳಲ್ಲಿ ನಗೆಗೀಡುಮಾಡಿದ್ದು ತಮ್ಮಂತೆಯೇ ಇಂಗ್ಲಿಷ್ ಕಲಿತ ಪಟ್ಟಣದ ಮಧ್ಯಮವರ್ಗವನ್ನು. ಪುಸ್ತಕವನ್ನು ಉರುಹಾಕಿದ ಮಗನೇ ಗಟ್ಟಿ, ಮನೆಗೆ ಒದಗಿ ಬರುವ ಮಗ ಟೊಳ್ಳು ಎಂಬ ಭ್ರಮೆಯನ್ನು ಅವರು ‘ಟೊಳ್ಳುಗಟ್ಟಿ’ಯಲ್ಲಿ ಬಯಲು ಮಾಡಿದರು. ಬೀಚಿಯವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟು ತಮ್ಮನ್ನೇ ಮೊದಲು ನಗೆಯ ಕಟಕಟೆಯಲ್ಲಿ ನಿಲ್ಲಿಸಿಕೊಂಡರು. ಹೆಂಗಸರನ್ನು ಕುರಿತ ನಗೆಹನಿಗಳನ್ನು ಗಂಡಸರೇ ಬರೆಯುತ್ತಿದ್ದ ಕಾಲದಲ್ಲಿ ಟಿ. ಸುನಂದಮ್ಮನವರು ಲೇಖನಿ ಹಿಡಿದು ಸಂಸಾರದ ಹಾಸ್ಯವನ್ನು ಅಡುಗೆಮನೆಯ ಒಳಗಿನಿಂದ ಬರೆದರು. ನಗೆಗೆ ವಸ್ತುವಾಗಿದ್ದವಳು ನಗೆಯ ಒಡತಿಯಾದಳು.

ಈ ಪರಂಪರೆಯಲ್ಲಿ ಬಹು ಎತ್ತರದಲ್ಲಿ ನಿಲ್ಲುವ ಕೃತಿ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಹಸಿವು, ಬಡತನ, ಜಾತಿಯ ಅವಮಾನ ಇವುಗಳನ್ನು ಉಂಡವರು ಬರೆದ ಪುಸ್ತಕವದು. ಎತ್ತುಗಳ ಹಾಗೆ ನೊಗಹೊತ್ತು ನೇಗಿಲೆಳೆಯುವ ಇಬ್ಬರು ಮನುಷ್ಯರನ್ನು ಬಾಲಕನೊಬ್ಬನು ಕಾಣುತ್ತಾನೆ. ಅವರಲ್ಲಿ ಒಬ್ಬರು ಆತನ ತಂದೆ. ಅಂತಹ ಚಿತ್ರವುಳ್ಳ ಪುಸ್ತಕವು ಪುಟಪುಟಕ್ಕೂ ಓದುಗನನ್ನು ನಗಿಸುತ್ತದೆ ಎಂದರೆ ಆಶ್ಚರ್ಯವಾಗಬಹುದು. ಆದರೆ ಅದು ನಿಜ. ನಗುತ್ತ ನಗುತ್ತ ಓದಿದವನು ಪುಸ್ತಕವನ್ನು ಮುಚ್ಚುವಾಗ ಗಂಟಲು ಕಟ್ಟಿದಂತಾಗುತ್ತದೆ. ಜಾತಿಯನ್ನು ಕುರಿತು ಹಾಸ್ಯವೇ ಕೂಡದೆಂದು ಹೇಳುವವರಿಗೂ, ಎಂತಹ ಹಾಸ್ಯವಾದರೂ ಸರಿ ಎನ್ನುವವರಿಗೂ ಇದೊಂದೇ ಕೃತಿ ಉತ್ತರ ಹೇಳಬಲ್ಲದು. ಬೆಂಗಳೂರಿನ ಆ ಪ್ರಹಸನದ ವಸ್ತುವೂ ಜಾತಿಯೇ, ‘ಊರುಕೇರಿ’ಯ ವಸ್ತುವೂ ಜಾತಿಯೇ. ಒಂದರ ನಗೆ ನೊಂದವರನ್ನು ಸಭೆಯಿಂದ ಹೊರಗಿಟ್ಟಿತು. ಇನ್ನೊಂದರ ನಗೆ ನೋವನ್ನರಿಯದವರನ್ನೂ ಕೈಹಿಡಿದು ಕೇರಿಯೊಳಕ್ಕೆ ಕರೆದುಕೊಂಡು ಹೋಯಿತು. ವಸ್ತು ಯಾವುದೆಂಬುದಕ್ಕಿಂತ, ನಗುವವನು ಎಲ್ಲಿ ನಿಂತು ನಗುತ್ತಾನೆ ಎಂಬುದೇ ಮುಖ್ಯ.

ಹಾಗೆಂದು ಒಂದು ಜಾತಿಯನ್ನು ಕುರಿತು ಆ ಜಾತಿಯವರೇ, ಒಂದು ಊನವನ್ನು ಕುರಿತು ಆ ಊನವುಳ್ಳವರೇ ನಗಿಸಬೇಕೆಂಬ ಬೇಲಿಯನ್ನು ಕಟ್ಟಬೇಕಾಗಿಲ್ಲ. ಹೊರಗಿನವರಿಗೂ ಅಲ್ಲಿ ಪ್ರವೇಶವುಂಟು. ಆದರೆ ಆ ಪ್ರವೇಶಕ್ಕೆ ಒಂದು ಬೆಲೆಯುಂಟು. ಒಡನಾಟವೇ ಆ ಬೆಲೆ. ಅಂಧರನ್ನು ಕುರಿತು ನಾಟಕ ಬರೆಯುವವನು ಅಂಧರೊಡನೆ ನಾಲ್ಕು ದಿನ ಕಳೆಯಲಿ. ಅವರು ಯಾವುದಕ್ಕೆ ನಗುತ್ತಾರೆಂಬುದನ್ನು ಕೇಳಿ ತಿಳಿಯಲಿ. ಬರೆದದ್ದನ್ನು ಅವರ ಮುಂದೆ ಓದಲಿ. ‘ಈ ಮಾತನ್ನು ಅವರ ಮನೆಯ ಜಗಲಿಯ ಮೇಲೆ ಕುಳಿತು, ಅವರ ತಾಯಿಯ ಎದುರಿನಲ್ಲಿ ಹೇಳಬಲ್ಲೆನೆ? ಹೇಳಿದರೆ ಅವರೂ ನಗುವರೇ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಹೌದೆಂಬ ಉತ್ತರ ಬಂದರೆ ಆ ಹಾಸ್ಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲವೆಂಬ ಉತ್ತರ ಬಂದರೆ ಎಷ್ಟೇ ಚಪ್ಪಾಳೆ ಬಿದ್ದರೂ ಆ ಮಾತು ಬಾಯಲ್ಲಿಯೇ ಉಳಿಯುವುದು ಲೇಸು. ಆಡಿಹೋದ ಮಾತು ನೋವುಂಟುಮಾಡಿದ್ದು ತಿಳಿದ ಮೇಲೆ ‘ತಮಾಷೆಗೆ ಹೇಳಿದೆ’ ಎಂದು ಜಾರಿಕೊಳ್ಳದೆ, ನೇರವಾಗಿ ಹಿಂದೆಗೆದುಕೊಳ್ಳುವುದು ಕಲಾವಿದನ ಘನತೆಯನ್ನು ಹೆಚ್ಚಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ.

ಈ ಹೊಣೆ ಹಿಂದೆಂದಿಗಿಂತಲೂ ಇಂದು ಭಾರವಾಗಿದೆ. ಒಂದು ಕಾಲದಲ್ಲಿ ವೇದಿಕೆಯ ಮೇಲಾಡಿದ ಒರಟು ಮಾತು ಆ ರಾತ್ರಿಯೇ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಇಂದು ಅದು ಚಿತ್ರಿಕೆಯಾಗಿ ಉಳಿಯುತ್ತದೆ. ಹಿಂದುಮುಂದಿನ ಸಂದರ್ಭವನ್ನು ಕಳೆದುಕೊಂಡು ಲಕ್ಷಾಂತರ ಮಂದಿಯ ಅಂಗೈಯನ್ನು ಸೇರುತ್ತದೆ. ಗಿರಿನಗರದಲ್ಲಿ ಆಡಿದ ಮಾತು ಗಳಿಗೆಯೊಳಗೆ ಗಡಿನಾಡಿನ ಹಳ್ಳಿಯನ್ನು ಮುಟ್ಟುತ್ತದೆ. ಹಾಸ್ಯಗಾರನಿಗೆ ಎದುರಿನ ನಾಲ್ಕು ಸಾಲುಗಳು ಮಾತ್ರ ಕಾಣುತ್ತವೆ. ಆದರೆ ಆತನ ಸಭೆ ಈಗ ಇಡೀ ನಾಡು. ನೋಡುವವರಿಗೂ ಇಲ್ಲಿ ಪಾಲುಂಟು. ಯಾವುದನ್ನು ಹೆಚ್ಚು ಮಂದಿ ನೋಡುತ್ತಾರೋ ಅದನ್ನೇ ಹೆಚ್ಚು ಹೆಚ್ಚಾಗಿ ತಯಾರಿಸುವುದು ಇಂದಿನ ವ್ಯಾಪಾರದ ನಿಯಮ. ಕೀಳು ಹಾಸ್ಯಕ್ಕೆ ನಕ್ಕು, ಅದನ್ನು ಹತ್ತು ಜನರಿಗೆ ಕಳುಹಿಸಿದವನು ಆ ಹಾಸ್ಯದ ಅರ್ಧ ಕರ್ತೃವೇ ಆಗುತ್ತಾನೆ.

ಶಾಲೆಯೂ ಒಂದು ರಂಗಸ್ಥಳ. ಅಡ್ಡಹೆಸರುಗಳು ಹುಟ್ಟುವುದು ತರಗತಿಯಲ್ಲಿಯೇ. ‘ಡುಮ್ಮ’, ‘ಕರಿಯ’, ‘ಸೋಡಾಬುಡ್ಡಿ’ ಎಂದು ಕರೆಸಿಕೊಂಡ ಹುಡುಗನು ತಾನೂ ನಗುತ್ತಾನೆ. ಆದುದರಿಂದ ಅವನಿಗೆ ನೋವಾಗಿಲ್ಲವೆಂದು ಗೆಳೆಯರು ತಿಳಿಯುತ್ತಾರೆ. ಎಷ್ಟೋ ಸಲ ಆ ನಗೆ ಸಂತೋಷದ ನಗೆಯಲ್ಲ, ಗುಂಪಿನಿಂದ ಹೊರಬೀಳದಿರಲು ಅವನು ತೆರುವ ಸುಂಕ. ವಾರ್ಷಿಕೋತ್ಸವಕ್ಕೆ ಪ್ರಹಸನವನ್ನು ಸಿದ್ಧಪಡಿಸುವಾಗ ಮನೆಗೆಲಸದವಳನ್ನು, ಪೌರಕಾರ್ಮಿಕನನ್ನು, ಹಳ್ಳಿಯವನನ್ನು ಪೆದ್ದರನ್ನಾಗಿ ಚಿತ್ರಿಸುವುದು ಸುಲಭ. ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಮನೆಗೆಲಸ ಮುಗಿಸಿ, ಮಗಳ ನೃತ್ಯವನ್ನು ನೋಡಲು ಬಂದ ತಾಯಿಯೊಬ್ಬಳು ಕುಳಿತಿರಬಹುದು. ಆ ತಾಯಿಯೂ ನಗುವಂತೆ ಪ್ರಹಸನವನ್ನು ಬರೆಯುವುದು ಕಷ್ಟ. ಕಷ್ಟವಾದದ್ದನ್ನು ಮಾಡಿದಾಗಲೇ ಅದಕ್ಕೆ ಕಲೆಯೆಂಬ 
ಹೆಸರು ಸಲ್ಲುತ್ತದೆ.

ಯಾವ ಪ್ರಹಸನವೂ ಅಭ್ಯಾಸವಿಲ್ಲದೆ ರಂಗಕ್ಕೆ ಬರುವುದಿಲ್ಲ. ಮಾತುಗಳನ್ನು ಬರೆಯುವಾಗ, ಪಾತ್ರಗಳನ್ನು ಹಂಚುವಾಗ, ಮತ್ತೆ ಮತ್ತೆ ಆಡಿ ನೋಡುವಾಗ ಕೋಣೆಯಲ್ಲಿ ಹಲವರು ಇರುತ್ತಾರೆ. ೨೦೨೩ರ ಆ ಪ್ರಹಸನ ರಂಗವೇರುವ ಮೊದಲು, ಗೆಳೆಯರಲ್ಲಿ ಒಬ್ಬನಾದರೂ ‘ಈ ಮಾತು ಬೇಡ, ಬೇರೆಯದನ್ನು ಹುಡುಕೋಣ’ ಎಂದಿದ್ದು, ಉಳಿದವರು ಆ ಮಾತಿಗೆ ಕಿವಿಗೊಟ್ಟಿದ್ದರೆ, ಪೊಲೀಸರೂ ನ್ಯಾಯಾಲಯವೂ ಅಲ್ಲಿಗೆ ಬರಬೇಕಾಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹಳೆಯ ಗಾಯಗಳು ಮತ್ತೆ ತೆರೆದುಕೊಳ್ಳುತ್ತಲೂ ಇರಲಿಲ್ಲ. ಗುಂಪೆಲ್ಲ ನಗುತ್ತಿರುವಾಗ ಅಂತಹ ಮಾತನ್ನಾಡುವುದಕ್ಕೆ ಧೈರ್ಯ ಬೇಕು. ಆದರೆ ಅದು ಯಾರಿಗೂ ಎಟುಕದ ಧೈರ್ಯವಲ್ಲ. ಒಂಬತ್ತನೆಯ ತರಗತಿಯ ಬಾಲಕ ಬಾಲಕಿಯರಿಗೂ ಸಾಧ್ಯವಾಗುವ ಧೈರ್ಯ.